ಸಣ್ಣ ವಿದ್ಯುತ್ ಕಾರು, ಹತ್ತಡಿ ಏಣಿ

ಪ್ರಶ್ನೆ: ಕುಮಟಾದಿಂದ ಶಿರಸಿಯ ತೋಟದ ಮನೆಗೆ ನನ್ನ ಸಣ್ಣ ವಿದ್ಯುತ್ ಕಾರಿನಲ್ಲಿ ಹತ್ತಡಿಯ ಅಲ್ಯೂಮಿನಿಯಂ ಏಣಿ ಮತ್ತು 50 ಕಿಲೋದ ಎರಡು ಹಿಂಡಿ ಚೀಲ ಒಯ್ಯಬೇಕಾಗಿದೆ. ದೇವಿಮನೆ ಘಟ್ಟದಲ್ಲಿ ಭಾರಕ್ಕೆ ಚಾರ್ಜ್ ಮುಗಿದುಹೋದೀತೇ?

ಉತ್ತರ: ಹಿಂಡಿಯ ಚಿಂತೆ ಬೇಡ. ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದ ಶಿರಸಿಗೆ 100 ಕಿಲೋ ಹೆಚ್ಚುವರಿ ಭಾರವನ್ನು ಏರಿಸಲು, ಮೋಟಾರಿನ ನಷ್ಟವನ್ನು ಸೇರಿಸಿದರೂ, ಸುಮಾರು 0.2 ಯೂನಿಟ್ ವಿದ್ಯುತ್ ಸಾಕು. ಹಿಂದಿನ ಸೀಟು ಮಡಚಿ, ಚೀಲಗಳನ್ನು ಮುಂದಿನ ಸೀಟಿನ ಬೆನ್ನಿಗೆ ಒತ್ತಿ ಇಟ್ಟು ಕಟ್ಟಿರಿ. ಬಾಗಿಲಿನ ಬಳಿಯ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಸೂಚಿಸಿದಷ್ಟು ಗಾಳಿಯನ್ನು ಟೈರಿಗೆ ತುಂಬಿಸಿರಿ.

ತೊಂದರೆಯಿರುವುದು ಏಣಿಯದು. ಡಿಕ್ಕಿಯ ಬಾಗಿಲು ತೆರೆದು ಹಗ್ಗ ಬಿಗಿದರೆ, ಹೊಗೆ ಒಳಬರುವ ಭಯ ನಿಮ್ಮ ಕಾರಿಗೆ ಇಲ್ಲದಿದ್ದರೂ, ಹಿಂದಿನ ದೀಪ ಮತ್ತು ನಂಬರ್ ಪ್ಲೇಟ್ ಮರೆಯಾಗಬಹುದು. ಸರಕು ಮಿತಿ ಮೀರಿ ಹೊರಚಾಚಿದರೆ ಮೋಟಾರು ವಾಹನ ಕಾಯ್ದೆಯ 194(1ಎ) ಕಲಮಿನಡಿ 20,000 ರೂಪಾಯಿ ದಂಡವಿದೆ. ಕೆಲವು ಸಣ್ಣ ಕಾರುಗಳ ಚಾವಣಿಯ ರೇಲುಗಳು ಬರೀ ಅಲಂಕಾರಕ್ಕಿರುವುದರಿಂದ, ಕೈಪಿಡಿಯಲ್ಲಿ ಚಾವಣಿಯ ಭಾರಮಿತಿ ನಮೂದಾಗಿರದಿದ್ದರೆ ಅಲ್ಲಿ ಏನನ್ನೂ ಕಟ್ಟಬೇಡಿರಿ. ಮಿತಿ ಇದ್ದರೂ, ಚಾವಣಿಯ ಏಣಿ ಗಾಳಿಗೆ ಒಡ್ಡುವ ತಡೆಯಿಂದ ವೇಗ ಹೆಚ್ಚಿದಷ್ಟೂ ಚಾರ್ಜ್ ಬೇಗ ಇಳಿಯುತ್ತದೆ. ನನ್ನ ಮಟ್ಟಿಗೆ, ಏಣಿಯನ್ನು ಬಾಡಿಗೆ ಗೂಡ್ಸ್ ರಿಕ್ಷಾಕ್ಕೆ ಹಾಕುವುದೇ ಲೇಸು.

ಹಿಂದಿರುಗುವಾಗ ಶಿರಸಿಯಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಬೇಡಿರಿ. ತುಂಬಿದ ಬ್ಯಾಟರಿಯು ಇಳಿಜಾರಿನಲ್ಲಿ ಮೋಟಾರು ಉತ್ಪಾದಿಸುವ ವಿದ್ಯುತ್ತನ್ನು ಹಿಡಿದಿಡಲಾರದ್ದರಿಂದ, ಘಟ್ಟದ ಶ್ರಮವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.