ಕೊನೆಯ 60 ಕಿಲೋಮೀಟರನ್ನು ಎರಡು ದಿನಕ್ಕೆ ಇಳಿಸಬೇಡಿ

ಹಂಪಿಯಿಂದ ಚಿತ್ರದುರ್ಗಕ್ಕೆ ನಡೆದು ಬರುತ್ತಿದ್ದೀರಿ, ಕೂಡ್ಲಿಗಿ ದಾಟಿದ್ದೀರಿ, ಉಳಿದ 60 ಕಿಲೋಮೀಟರನ್ನು ಮೂರರ ಬದಲು ಎರಡೇ ದಿನದಲ್ಲಿ ಮುಗಿಸಲು ಚೀಲ ಹಗುರ ಮಾಡಬೇಕೋ ರಾತ್ರಿಯೂ ನಡೆಯಬೇಕೋ ಎಂದು ಕೇಳಿದ್ದೀರಿ. ನಾನೂ ಹೊನ್ನಾಳಿಯಲ್ಲಿ ಒಂದು ಬೆಳಗ್ಗೆ ಇದೇ ಲೆಕ್ಕ ಹಾಕಿದ್ದೆ.

ನಾನು ದಾವಣಗೆರೆಯವನು. ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ, ಶೃಂಗೇರಿಯಿಂದ ಹೊಳೆಯ ಜೊತೆಗೇ ಮನೆಯವರೆಗೆ ನಡೆದು ಬರುತ್ತೇನೆಂದು ಹೊರಟಿದ್ದೆ. ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು, ಶಿವಮೊಗ್ಗ, ತುಂಗೆಯೂ ಭದ್ರೆಯೂ ಕೂಡುವ ಕೂಡಲಿ. ದಿನಕ್ಕೆ 18ರಿಂದ 20 ಕಿಲೋಮೀಟರ್. ಮಲೆನಾಡಿನ ಏರಿಳಿತದಲ್ಲಿ ಕಾಲು ಒಮ್ಮೆಯೂ ತಕರಾರು ಮಾಡಲಿಲ್ಲ. ಹೊನ್ನಾಳಿಯಿಂದ ಮುಂದೆ ನೆಲ ಸಮತಟ್ಟು, ಹರಿಹರಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಮನೆಗೆ ಬರೀ 14. ಮಲೇಬೆನ್ನೂರಿನಲ್ಲಿ ತಂಗುವ ಯೋಚನೆಯಿತ್ತು. ಅದನ್ನು ಕೈಬಿಟ್ಟು, ನಾಳೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇನೆ ಎಂದು ಅವ್ವನಿಗೆ ಫೋನ್ ಮಾಡಿದೆ.

ನನ್ನ ತಪ್ಪು ಆ 40 ಕಿಲೋಮೀಟರ್ ಅಲ್ಲ, ಅದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಬೆಳಗ್ಗೆ ಕಾಲುವೆಯಲ್ಲಿ ಕಾಲು ತೊಳೆದು, ಒರೆಸದೆ, ಹಿಂದಿನ ದಿನ ಒಗೆದು ಇನ್ನೂ ಹಸಿಯಾಗಿದ್ದ ಕಾಲುಚೀಲ ಹಾಕಿಕೊಂಡೆ. ಗಂಟೆ ಕಳೆಯುವುದರೊಳಗೆ ಬಲ ಹಿಮ್ಮಡಿಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಬಿಸಿಯಾಯಿತು. ನೋವಲ್ಲ, ಬರೀ ಬಿಸಿ. ಗುಳ್ಳೆ ಏಳುವುದಕ್ಕೆ ಮುಂಚೆ ಕಾಲು ಹೇಳುವುದು ಅಷ್ಟೇ. ಒದ್ದೆ ಚರ್ಮ ನೆನೆಸಿದ ಅವಲಕ್ಕಿಯಂತೆ ಮೆತ್ತಗಾಗಿರುತ್ತದೆ, ಬಟ್ಟೆ ಅದನ್ನು ಹಿಡಿದು ಎಳೆಯುತ್ತದೆ, ಒಳಗಿನ ಮೂಳೆ ಮಾತ್ರ ಹೆಜ್ಜೆಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತಿರುತ್ತದೆ. ಆ ಎಳೆದಾಟಕ್ಕೆ ಚರ್ಮದ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಬಿಸಿಯಾದ ಕೂಡಲೇ ಕುಳಿತು, ಕಾಲು ಒಣಗಿಸಿ, ಆ ಜಾಗಕ್ಕೆ ಪ್ಲಾಸ್ಟರ್ ಅಂಟಿಸಿ, ಒಣ ಕಾಲುಚೀಲ ಹಾಕಿಕೊಂಡಿದ್ದರೆ ಹತ್ತು ನಿಮಿಷದ ಕೆಲಸ. ಪ್ಲಾಸ್ಟರ್ ಚೀಲದ ಹೊರಜೇಬಿನಲ್ಲೇ ಇತ್ತು. ಹತ್ತು ದಿನ ನಡೆದವನಿಗೆ ಇನ್ನೇನು ಆಗುತ್ತದೆ ಎಂದುಕೊಂಡು ಕೈ ಹಾಕಲಿಲ್ಲ.

ದಾರಿ ಬದಿಯ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸೊಬ್ಬರು ಬೆನ್ನು ನೆಟ್ಟಗೆ ಮಾಡಿ, "ಯಾಕೆ ತಮ್ಮಾ, ಕಾಲು ಎಳೆಯುತ್ತಿದ್ದೀಯಲ್ಲ?" ಎಂದರು. ನಾನು ಕುಂಟುತ್ತಿರುವುದು ನನಗೇ ಗೊತ್ತಿರಲಿಲ್ಲ. "ಏನಿಲ್ಲ ಅವ್ವಾ, ಶೂ ಹೊಸದು" ಎಂದೆ. ಆ ಶೂಗೆ ಎರಡು ವರ್ಷವಾಗಿತ್ತು.

ಮಲೇಬೆನ್ನೂರು ದಾಟಿದ ಮೇಲೆ ಗುಳ್ಳೆ ಒಡೆಯಿತು. ಹಿಮ್ಮಡಿ ಊರದೆ ಮುಂಗಾಲಿನಲ್ಲಿ ನಡೆದು ಮಂಡಿಯೂ ಹಿಡಿದುಕೊಂಡಿತು. ಹರಿಹರ ತಲುಪಿದಾಗ ಕತ್ತಲಾಗಿತ್ತು. ಹರಿಹರೇಶ್ವರನಿಗೆ ಕೈಮುಗಿಯದೆ ಹೋಗಬಾರದೆಂದು ದೇವಸ್ಥಾನದ ಹೊರಗೆ ಶೂ ಕಳಚಿದೆ. ಕಾಲುಚೀಲ ಹಿಮ್ಮಡಿಗೆ ಕಚ್ಚಿಕೊಂಡಿತ್ತು. ಬಾಟಲಿಯ ನೀರು ಸುರಿದು ನೆನೆಸಿ ಎಳೆದಾಗ ಚರ್ಮವೂ ಅದರ ಜೊತೆಗೇ ಬಂತು. ಹೊಯ್ಸಳರು 1224ರ ಸುಮಾರಿಗೆ ಕಟ್ಟಿಸಿದ ಆ ಮಂಟಪದ ತಣ್ಣನೆಯ ಕಲ್ಲಿನ ಮೇಲೆ ಪಾದ ಇಟ್ಟಾಗ ಎಷ್ಟು ಹಿತವಾಯಿತೆಂದರೆ, ಕಂಬಕ್ಕೆ ಒರಗಿ ಅತ್ತುಬಿಟ್ಟೆ. ಮತ್ತೆ ಶೂ ಹಾಕಲು ಆಗಲಿಲ್ಲ. ಅಣ್ಣ ಬೈಕ್ ತಂದು ಕರೆದುಕೊಂಡು ಹೋದ. ಗಾಯ ಕೀವಾಗಿ ಮೂರು ವಾರ ಮನೆಯಲ್ಲೇ ಉಳಿದೆ.

ಈಗ ನಿಮ್ಮ ವಿಷಯ. ರಾತ್ರಿ ಹೆದ್ದಾರಿಯಲ್ಲಿ ನಡೆಯಲೇಬೇಡಿ. ಲಾರಿ ಓಡಿಸುವವನಿಗೆ ನೀವು ಕಾಣುವುದಿಲ್ಲ, ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಚೀಲ ಹಗುರ ಮಾಡುವವರು ಮೊದಲು ಬಿಸಾಡುವುದು ಎರಡನೇ ಜೊತೆ ಕಾಲುಚೀಲವನ್ನೂ ಹೆಚ್ಚಿನ ನೀರನ್ನೂ. ನಿಮ್ಮ ಬಯಲು ದಾರಿಗೆ ಬೇಕಾಗಿರುವುದು ಅವೆರಡೇ. ಎರಡು ದಿನದಲ್ಲಿ ಹೇಗೆ ಎಂಬ ಪ್ರಶ್ನೆಯನ್ನೇ ಬಿಡಿ. ಮೂರು ದಿನವನ್ನು ನಾಲ್ಕು ಮಾಡಿಕೊಳ್ಳಿ, ಬಿಸಿಲೇರುವ ಮುನ್ನ ಆ ದಿನದ ನಡಿಗೆ ಮುಗಿಸಿ. ಮನೆಯವರಿಗೆ ಸಮಯ ಹೇಳಬೇಡಿ. ಹೇಳಿದ್ದರೆ ಈಗಲೇ ಫೋನ್ ಮಾಡಿ ತಡವಾಗುತ್ತದೆ ಎನ್ನಿ. ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಬಹಳ ದೂರದಿಂದಲೇ ಕಾಣುತ್ತವೆ. ಅವು ಕಂಡ ಕೂಡಲೇ ಊರು ಬಂತೆಂದು ಕಾಲು ಚುರುಕಾಗುತ್ತದೆ. ಆಗ ರಸ್ತೆ ಬಿಟ್ಟು ಒಂದು ಮರ ಹುಡುಕಿ ಕುಳಿತುಬಿಡಿ.

ಉಳಿದ 14 ಕಿಲೋಮೀಟರನ್ನು ನಾನು ಎರಡು ತಿಂಗಳ ಮೇಲೆ, ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಅಲ್ಲಿಂದ ನಡೆದೆ. ಅವ್ವ ಅಂದೂ ಊಟಕ್ಕೆ ಕಾದಿದ್ದಳು. ಆದರೂ ಅದನ್ನು ಶೃಂಗೇರಿಯ ನಡಿಗೆಯ ಜೊತೆ ಸೇರಿಸಿಕೊಳ್ಳಲು ಮನಸ್ಸು ಇವತ್ತಿಗೂ ಒಪ್ಪಿಲ್ಲ.

ಈ ರಾತ್ರಿ ತಂಗಿದಲ್ಲಿ ಎರಡೂ ಹಿಮ್ಮಡಿಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಎಲ್ಲಾದರೂ ಕೆಂಪಾಗಿದೆಯೇ, ಒತ್ತಿದರೆ ಉರಿಯುತ್ತದೆಯೇ ಎಂದು ಇಲ್ಲೇ ಬರೆಯಿರಿ. ನೋಡುತ್ತಿರುತ್ತೇನೆ.