ಸ್ಪೀಡ್ 94ಕ್ಕೇ ನಿಂತಿದೆಯೇ? ಮೊದಲು ತಂತಿ ಎಣಿಸಿ

ಮನೆಯ ಇಂಟರ್ನೆಟ್ ನಿಧಾನ ಎಂಬ ಪ್ರಶ್ನೆಗೆ ಇನ್ನು ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಒಂದೇ ಅಂಕಿ ಹೊತ್ತ ಪ್ರಶ್ನೆ ಒಂದರ ಹಿಂದೊಂದು ಬರುತ್ತಲೇ ಇದೆ. ಆ ಅಂಕಿ ನೋಡಿದರೆ ಸಾಕು, ರೋಗ ಯಾವುದು ಅಂತ ಗೊತ್ತಾಗುತ್ತದೆ. ಆದರೂ ಜನ ಅಂಗಡಿಗೆ ಹೋಗಿ ಹೊಸ ರೂಟರ್ ತರುತ್ತಾರೆ. ಹೊಟ್ಟೆ ಉರಿಯುತ್ತದೆ. ರೂಟರ್ ಬಂದ್ ಮಾಡಿ ಚಾಲೂ ಮಾಡುವುದು, ಡೇಟಾ ಮಿತಿ ಮುಗಿದಿದೆಯೇ ನೋಡುವುದು, ಪಕ್ಕದ ಮನೆಯವರು ನಿಮ್ಮ ಪಾಸ್‌ವರ್ಡ್ ಇಟ್ಟುಕೊಂಡಿದ್ದಾರೆಯೇ ವಿಚಾರಿಸುವುದು, ಇಷ್ಟನ್ನು ನೀವು ಮಾಡಿಯೇ ಬರೆದಿದ್ದೀರಿ ಎಂದು ಹಿಡಿಯುತ್ತೇನೆ. ಮಾಡಿರದಿದ್ದರೆ ಮಾಡಿ ಬನ್ನಿ.

ಪ್ರಶ್ನೆ: ನಮ್ಮದು 100 ಎಂಬಿಪಿಎಸ್ ಪ್ಲಾನ್ ಇತ್ತು. ಮಗ ಮನೆಯಿಂದಲೇ ಕೆಲಸ ಮಾಡುತ್ತಾನೆಂದು 300ಕ್ಕೆ ಏರಿಸಿದೆವು. ಎಂಟು ತಿಂಗಳಾಯಿತು, ಸ್ಪೀಡ್ ಟೆಸ್ಟ್ ಮಾಡಿದರೆ 93, 94, ಇದರ ಮೇಲೆ ಹೋಗಿಲ್ಲ. ಕಂಪನಿಯವರು 'ನಮ್ಮ ಕಡೆಯಿಂದ 300 ಪೂರ್ತಿ ಬರಾಕತ್ತೈತ್ರಿ' ಅನ್ನುತ್ತಾರೆ. ಕಂಪನಿಯವರು ಲೈನ್ ತಂದು ಕೂರಿಸಿದ ಡಬ್ಬಿ ಕೆಳಗೆ ಪಡಸಾಲೆಯಲ್ಲಿದೆ, ರೂಟರ್ ಮೇಲಿನ ಮಹಡಿಯಲ್ಲಿದೆ. '300 ಎಂಬಿಪಿಎಸ್' ಎಂದು ಬರೆದ ಹೊಸ ರೂಟರನ್ನೂ ತಂದೆವು. ಏನೂ ಫರಕು ಬೀಳಲಿಲ್ಲ. ಇದು ಮೋಸವೇ? (ಜಲನಗರ, ವಿಜಯಪುರ)

ಉತ್ತರ: ಮೋಸ ಆಗಿರುವುದು ನಿಜ. ಮಾಡಿದವರು ಮಾತ್ರ ನೀವು ಅಂದುಕೊಂಡವರಲ್ಲ.

ಕಂಪನಿ ಕಡಿಮೆ ಕೊಡುತ್ತಿದ್ದರೆ, ಅಥವಾ ಓಣಿಯವರೆಲ್ಲ ಒಂದೇ ಹೊತ್ತಿಗೆ ಬಳಸಿ ಲೈನ್ ತುಂಬುತ್ತಿದ್ದರೆ, ಅಂಕಿ ಕುಣಿಯಬೇಕು. ಬೆಳಿಗ್ಗೆ 240, ರಾತ್ರಿ ಒಂಬತ್ತಕ್ಕೆ 60, ನಡುರಾತ್ರಿ ಮತ್ತೆ 280. ನಿಮ್ಮದು ಮಧ್ಯಾಹ್ನವೂ 94, ರಾತ್ರಿಯೂ 94. ಯಾರೋ ಅಳತೆ ಹಿಡಿದು ಕಟ್ಟಿದ ಗೋಡೆಗೆ ಬಡಿದ ಹಾಗಿದೆ. ಆ ಗೋಡೆ 100ರದ್ದು. 100ರ ದಾರಿಯಲ್ಲಿ ನಿಮ್ಮ ಕೈಗೆ ಬರುವುದು 94 ಚಿಲ್ಲರೆಯೇ. ಎಪಿಎಂಸಿಯಲ್ಲಿ ಚೀಲ ತೂಗಿದ ಮೇಲೆ ಬಾರದಾನದ ತೂಕ ಕಳೆಯುತ್ತಾರಲ್ಲ, ಹಾಗೆ. ತಂತಿಯ ಮೇಲೆ ಹೋಗುವ ಪ್ರತಿ ಡೇಟಾ ಪೊಟ್ಟಣ, ತುಂಬಿದ್ದಾಗ, 1538 ಬೈಟಿನಷ್ಟು ಜಾಗ ಹಿಡಿಯುತ್ತದೆ. ಅದರಲ್ಲಿ ನಿಮ್ಮ ಮಾಲು ಹೆಚ್ಚೆಂದರೆ 1460 ಬೈಟು. ಉಳಿದದ್ದು ವಿಳಾಸ, ಲೆಕ್ಕ, ಎರಡು ಪೊಟ್ಟಣಗಳ ನಡುವಿನ ಖಾಲಿ ಜಾಗ. ಭಾಗಿಸಿ ನೋಡಿ, ನೂರಕ್ಕೆ ಸುಮಾರು 95. ಇನ್ನೊಂದಿಷ್ಟು ಸಣ್ಣಪುಟ್ಟ ಲೆಕ್ಕ ಕಳೆದರೆ 94. ಅಂದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ನಿಮ್ಮ 300, ನೂರರ ಬಾಗಿಲಿನಲ್ಲಿ ತೂರಿ ಬರುತ್ತಿದೆ. ಆ ಬಾಗಿಲು ನಿಮ್ಮ ಮನೆಯೊಳಗೇ ಇದೆ.

ನಿಮ್ಮ ಮನೆಯಲ್ಲಿ ಅಂಥ ಬಾಗಿಲು ಎರಡಿವೆ ಎಂಬುದು ನನ್ನ ಅನುಮಾನ.

ಒಂದನ್ನು ನೀವೇ ದುಡ್ಡು ಕೊಟ್ಟು ತಂದಿದ್ದೀರಿ. ಪೆಟ್ಟಿಗೆಯ ಮೇಲೆ '300 ಎಂಬಿಪಿಎಸ್' ಎಂದು ಬರೆದ ಅಗ್ಗದ ರೂಟರ್‌ಗಳಲ್ಲಿ ಆ 300 ಗಾಳಿಯ ಲೆಕ್ಕ, ವೈಫೈ ಕಾಗದದ ಮೇಲೆ ಮುಟ್ಟಬಹುದಾದ ಗರಿಷ್ಠ. ಹಿಂಬದಿಯಲ್ಲಿ ತಂತಿ ಚುಚ್ಚುವ ತೂತುಗಳು ಸಾಮಾನ್ಯವಾಗಿ 100ರವೇ. '1200' ಎಂದು ಬರೆದ ಕೆಲವು ರೂಟರ್‌ಗಳಲ್ಲೂ ಇದೇ ಕಥೆ. ಎರಡು ವೈಫೈ ಅಲೆಗಳ 300 ಮತ್ತು 867 ಕೂಡಿಸಿ, ದುಂಡಗೆ ಮಾಡಿ 1200 ಅನ್ನುತ್ತಾರೆ, ತೂತು ನೋಡಿದರೆ 100. 300ರ ಪ್ಲಾನಿಗೆ 300ರ ರೂಟರ್ ಅಂತ ಜೋಡಿ ಮಾಡಿ ಮಾರುವ ಅಂಗಡಿಯವರ ಮೇಲೆ ನನಗೆ ಭಾಳ ಸಿಟ್ಟಿದೆ. ಪೆಟ್ಟಿಗೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುವ ಪೋರ್ಟ್ ವಿವರ ಓದಿ. 'ಗಿಗಾಬಿಟ್' (ಅಂದರೆ 1000 ಎಂಬಿಪಿಎಸ್) ಅಥವಾ '10/100/1000' ಎಂದಿರಬೇಕು. '10/100' ಎಂದಷ್ಟೇ ಇದ್ದರೆ ಮರಳಿ ಕೊಡಿ.

ಇನ್ನೊಂದು ಬಾಗಿಲು ಕೆಳಗಿನಿಂದ ಮೇಲಕ್ಕೆ ಹೋದ ತಂತಿ. ರೂಟರ್ ಬದಲಿಸಿದರೂ 94 ಅಲುಗಾಡದಿದ್ದರೆ ಇದನ್ನು ಬಿಚ್ಚಿ ನೋಡಲೇಬೇಕು.

ಹೋದ ವರ್ಷ ಬಸವನ ಬಾಗೇವಾಡಿಯಲ್ಲಿ ಒಂದು ಮನೆಗೆ ಇದೇ ದೂರಿಗೆ ಹೋಗಿದ್ದೆ. ರೂಟರ್ ಒಳ್ಳೆಯದು, ಡಬ್ಬಿಯೂ ಒಳ್ಳೆಯದು. ಮೆಟ್ಟಿಲಿನ ತಿರುವಿನಲ್ಲಿ ತಂತಿಯ ಮೇಲೆ ಕಪ್ಪು ಟೇಪು ದಪ್ಪಗೆ ಸುತ್ತಿತ್ತು. ಬಿಚ್ಚಿದೆ. ಒಳಗಿನ ಎಂಟು ಎಳೆಗಳಲ್ಲಿ ಕಿತ್ತಳೆ ಮತ್ತು ಹಸಿರು ಜೋಡಿ ನೆಟ್ಟಗೆ ಮೇಲಕ್ಕೆ ಹೋಗಿದ್ದವು. ನೀಲಿ ಮತ್ತು ಕಂದು ಜೋಡಿಯನ್ನು ಅಲ್ಲೇ ಕತ್ತರಿಸಿ, ಹೊಸೆದು, ಕಿಟಕಿಯಿಂದ ಹೊರಗೆ ಕ್ಯಾಮೆರಾಕ್ಕೆ ಒಯ್ದಿದ್ದರು. ಸಿಸಿಟಿವಿ ಹಾಕಲು ಬಂದ ಹುಡುಗ 12 ವೋಲ್ಟ್ ಕರೆಂಟು ಸಾಗಿಸಲು ಅವನ್ನು ಬಳಸಿದ್ದ. ಮನೆಯ ಅಜ್ಜನಿಗೆ ಅದು ಗೊತ್ತಿತ್ತು, ಮೆಚ್ಚುಗೆಯೂ ಇತ್ತು. 'ಎಂಟು ತಂತಿಯೊಳಗ ನಾಕು ಸುಮ್ನ ಬಿದ್ದಿದ್ವಂತ್ರಿ. ಹುಡುಗ ಶಾಣ್ಯಾ ಅದಾನ, ಅವನ್ನ ಕ್ಯಾಮೆರಾಕ್ಕ ಹಾಕ್ಯಾನ. ಒಂದ್ ವಾಯರ್ ಉಳೀತಲ್ಲ?' ಅಂದರು.

ಅಜ್ಜ ಹೇಳಿದ್ದರಲ್ಲಿ ಸುಳ್ಳಿಲ್ಲ. 100 ಎಂಬಿಪಿಎಸ್ ಓಡುವುದು ಎರಡೇ ಜೋಡಿಯ ಮೇಲೆ, ಕಿತ್ತಳೆ ಮತ್ತು ಹಸಿರು. ನೀಲಿ, ಕಂದು ಖಾಲಿ. 100ರ ಕಾಲದಲ್ಲಿ ಕೆಲಸ ಕಲಿತವರು ಖಾಲಿ ಜೋಡಿಯನ್ನು ಫೋನಿಗೋ ಕ್ಯಾಮೆರಾಕ್ಕೋ ತಿರುಗಿಸುತ್ತಿದ್ದರು. ನಾನೂ ಮಾಡಿದ್ದೇನೆ. ಆದರೆ ಗಿಗಾಬಿಟ್‌ಗೆ ನಾಲ್ಕೂ ಜೋಡಿ, ಎಂಟೂ ತಂತಿ ಬೇಕು. ನೀಲಿ, ಕಂದಿನಲ್ಲಿ ಒಂದು ಕಡಿದರೂ ಎರಡು ತುದಿಯ ಡಬ್ಬಿಗಳು ತಮ್ಮೊಳಗೆ ಮಾತಾಡಿಕೊಂಡು ಸಾಮಾನ್ಯವಾಗಿ 100ಕ್ಕೆ ಇಳಿದುಬಿಡುತ್ತವೆ. ದೀಪ ಉರಿಯುತ್ತದೆ, ಇಂಟರ್ನೆಟ್ ಬರುತ್ತದೆ, ದೂರು ಹೇಳುವಂಥದ್ದೇನೂ ಕಾಣುವುದಿಲ್ಲ. ಪ್ಲಾನ್ 100 ಇರುವವರೆಗೆ ಈ ರೋಗ ಇದೆಯೆಂದೇ ತಿಳಿಯುವುದಿಲ್ಲ. 300ಕ್ಕೆ ಏರಿಸಿದ ದಿನ ಹೊರಬೀಳುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಲ್ಯಾಪ್‌ಟಾಪನ್ನು ಕೆಳಗೆ ಒಯ್ದು, ಒಂದು ಗಿಡ್ಡ, ಹೊಸ ಕ್ಯಾಟ್-5ಇ ಅಥವಾ ಕ್ಯಾಟ್-6 ತಂತಿಯಿಂದ ಕಂಪನಿಯ ಡಬ್ಬಿಗೆ ನೇರ ಜೋಡಿಸಿ. ಡಬ್ಬಿಯಲ್ಲಿ ತೂತು ಎರಡೋ ನಾಲ್ಕೋ ಇದ್ದರೆ 'ಜಿಇ' ಎಂದು ಬರೆದಿರುವುದಕ್ಕೇ ಹಾಕಿ, 'ಎಫ್ಇ' ಎಂದಿದ್ದರೆ ಅದು 100ರದ್ದು. ವಿಂಡೋಸ್‌ನಲ್ಲಿ ಈಥರ್ನೆಟ್ ಸೆಟ್ಟಿಂಗ್ ತೆರೆದರೆ ಲಿಂಕ್ ಸ್ಪೀಡ್ ತೋರಿಸುತ್ತದೆ. 1000/1000 ಎಂದು ಬಂದು ಟೆಸ್ಟ್ 280 ದಾಟಿದರೆ ಕಂಪನಿಯವರು ಹೇಳಿದ್ದು ನಿಜ, ಅವರಿಗೆ ಮತ್ತೆ ಫೋನ್ ಹಚ್ಚಬೇಡಿ. ಈಗ ಅದೇ ಲ್ಯಾಪ್‌ಟಾಪನ್ನು ಮೇಲೆ, ರೂಟರ್‌ನಿಂದ ಬಿಚ್ಚಿದ ತಂತಿಯ ತುದಿಗೆ ಹಚ್ಚಿ. 100/100 ಬಂತೋ, ಕಳ್ಳ ಆ ತಂತಿ. 1000 ಬಂತೋ, ಕಳ್ಳ ರೂಟರ್. ಡಬ್ಬಿಯ ಹತ್ತಿರವೇ 94 ಬಂದು, ಅದರಲ್ಲಿರುವುದೆಲ್ಲ 'ಎಫ್ಇ' ತೂತುಗಳಾದರೆ ಮಾತ್ರ ಕಂಪನಿಯವರ ಜೊತೆ ಜಗಳ ಮಾಡಿ, ಡಬ್ಬಿ ಬದಲಿಸಿಕೊಡುವುದು ಅವರ ಕೆಲಸ. ಒಂದು ಎಚ್ಚರ: ಯುಎಸ್‌ಬಿಗೆ ಸಿಕ್ಕಿಸುವ ಹಳೆಯ ಲ್ಯಾನ್ ಅಡಾಪ್ಟರುಗಳಲ್ಲಿ 100ರವೂ ಇವೆ. ಅದರಿಂದ ಅಳೆದು ತಂತಿಯನ್ನು ಬೈಯಬೇಡಿ.

ತಂತಿಯೇ ಅಂತಾದರೆ ಮೊದಲು ಎರಡೂ ತುದಿಯ ಕ್ಲಿಪ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಪಾರದರ್ಶಕ ಕ್ಲಿಪ್ಪಿನಲ್ಲಿ ಎಂಟೂ ಬಣ್ಣ ತುದಿ ಮುಟ್ಟಿವೆಯೇ, ಕನ್ನಡಕ ಹಾಕಿಕೊಂಡು ನೀವೇ ಎಣಿಸಿ. ಹೊಸ ತಂತಿಯನ್ನೇ ಎಳೆಸುವುದಾದರೆ ಅಂಗಡಿಯಲ್ಲಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಮೇಲೆ ಕೆಂಪು, ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂಗೆ ತಾಮ್ರದ ನೀರು ಕುಡಿಸಿದ್ದು. ಅದು ಎರಡು ಸಲ ಬಾಗಿಸಿದರೆ ಒಳಗೇ ಮುರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಮಾರುಕಟ್ಟೆಯಲ್ಲಿ 'ಸೇಮ್ ಕ್ವಾಲಿಟಿ ಸರ್, ಅರ್ಧ ರೇಟು' ಅಂತ ಕೊಡುವುದು ಇದನ್ನೇ. ಮತ್ತೆ, ದಯವಿಟ್ಟು ಮನೆಯ 230 ವೋಲ್ಟ್ ಲೈನ್ ಇರುವ ಪೈಪಿನಲ್ಲೇ ಇದನ್ನೂ ತೂರಿಸಬೇಡಿ. ಎಲೆಕ್ಟ್ರಿಷಿಯನ್ ಏನೂ ಆಗಲ್ಲ ಅನ್ನುತ್ತಾನೆ. ನಾನು ಆಗುತ್ತದೆ ಅನ್ನುತ್ತೇನೆ.

ಕೊನೆಗೆ, ನೀವು ಕೇಳದ ಮಾತು. ಮಗನ ವಿಡಿಯೋ ಮೀಟಿಂಗಿಗೆ ಮೂರು ನಾಲ್ಕು ಎಂಬಿಪಿಎಸ್ ಸಾಕು. ಟಿವಿಯಲ್ಲಿ 4ಕೆ ಸಿನಿಮಾ ನೋಡಿದರೂ 25 ಸಾಕು. ನನ್ನ ಮನೆಯಲ್ಲಿ ನಾಲ್ವರಿದ್ದೇವೆ, ಇರುವುದು 50ರ ಪ್ಲಾನು. ತಂತಿ ಬದಲಿಸುವ ತ್ರಾಸು ಬೇಡ ಅನ್ನಿಸಿದರೆ 100ಕ್ಕೇ ಮರಳಿ. ಈಗ ಸಿಗುತ್ತಿರುವ 94 ಹಾಗೇ ಇರುತ್ತದೆ, ತಿಂಗಳ ಬಿಲ್ಲು ಇಳಿಯುತ್ತದೆ.

ಪ್ರಶ್ನೆ: 100 ಎಂಬಿಪಿಎಸ್ ಅಂದಿದ್ದಾರೆ, ಡೌನ್‌ಲೋಡ್ ಮಾಡುವಾಗ 12 ಅಷ್ಟೇ ತೋರಿಸುತ್ತದೆ. (ತಾಳಿಕೋಟೆ)

ಉತ್ತರ: ಎಂಟರಿಂದ ಗುಣಿಸಿ. ಅವರು ಬಿಟ್‌ನಲ್ಲಿ ಮಾರುತ್ತಾರೆ, ಕಂಪ್ಯೂಟರ್ ಎಂಟು ಬಿಟ್‌ನ ಬೈಟ್‌ನಲ್ಲಿ ಎಣಿಸುತ್ತದೆ.

ಪ್ರಶ್ನೆ: ಡಿಎನ್ಎಸ್ ಅನ್ನು 8.8.8.8ಕ್ಕೆ ಬದಲಿಸಿದರೆ ಸ್ಪೀಡ್ ದುಪ್ಪಟ್ಟಾಗುತ್ತದೆಂದು ವಿಡಿಯೋದಲ್ಲಿ ಹೇಳಿದರು. (ಮುದ್ದೇಬಿಹಾಳ)

ಉತ್ತರ: ಆಗುವುದಿಲ್ಲ. ಅದು ವಿಳಾಸ ಹುಡುಕಿಕೊಡುವ ಕೆಲಸ. ಮನೆ ಬೇಗ ಸಿಕ್ಕಿತೆಂದು ರಸ್ತೆ ಅಗಲವಾಗುತ್ತದೆಯೇ?

ಪ್ರಶ್ನೆ: ರೂಟರ್ ಮೇಲೆ ಅಂಟಿಸುವ ವಿಕಿರಣ ತಡೆಯುವ ಸ್ಟಿಕ್ಕರ್ ತಂದಿದ್ದೇನೆ. ಅದರಿಂದ ಸ್ಪೀಡ್ ಕಡಿಮೆಯಾಗಿರಬಹುದೇ? (ಇಂಡಿ)

ಉತ್ತರ: ಅದು ಹೇಳಿದ ಕೆಲಸ ಮಾಡಿದ್ದರೆ ನಿಮಗೆ ವೈಫೈಯೇ ಬರುತ್ತಿರಲಿಲ್ಲ. ಬರುತ್ತಿದೆ, ಅಂದಮೇಲೆ ಅದು ಬರೀ ಸ್ಟಿಕ್ಕರ್. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ 'ಬೂಸ್ಟರ್' ಬಗ್ಗೆ ಬರೆದ ಮೂವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಅದು ಸಿಗ್ನಲ್ ಹುಟ್ಟಿಸುವುದಿಲ್ಲ, ಕೇಳಿಸಿಕೊಂಡದ್ದನ್ನು ಮತ್ತೆ ಕೂಗುತ್ತದೆ. ಅಗ್ಗದವಕ್ಕೆ ಕಿವಿ ಬಾಯಿ ಎರಡೂ ಒಂದೇ ಆದ್ದರಿಂದ ಸ್ಪೀಡ್ ಅರ್ಧಕ್ಕೆ ಇಳಿಯುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಮಧ್ಯಾಹ್ನವಷ್ಟೇ ನೆಟ್ ಸತಾಯಿಸುತ್ತದೆ. ಧೂಳು ಬೀಳಬಾರದೆಂದು ಅತ್ತೆಯವರು ರೂಟರನ್ನು ಟ್ರೇಜರಿಯ (ಉಕ್ಕಿನ ಕಪಾಟಿನ) ಮೇಲೆ ಇಟ್ಟು ಕುಪ್ಪಸದ ಬಟ್ಟೆ ಹೊದಿಸಿದ್ದಾರೆ. (ವಿಜಯಪುರ)

ಉತ್ತರ: ಇಂಥ ಹೆಚ್ಚಿನ ಡಬ್ಬಿಗಳನ್ನು 40 ಡಿಗ್ರಿವರೆಗಿನ ಗಾಳಿಗೆಂದು ಮಾಡಿರುತ್ತಾರೆ. ನಮ್ಮ ಊರಿನ ಏಪ್ರಿಲ್, ಮೇ ತಿಂಗಳು ಹೇಗಿರುತ್ತದೆಂದು ನಾನು ಹೇಳಬೇಕಿಲ್ಲ. ಅದರ ಮೇಲೆ ಬಟ್ಟೆ, ಕೆಳಗೆ ಕಾದ ತಗಡು. ಟ್ರೇಜರಿಯ ಉಕ್ಕು ವೈಫೈಗೂ ಅಡ್ಡ. ಗೋಡೆಗೆ ಮೊಳೆ ಹೊಡೆದು, ಎದೆಯ ಎತ್ತರಕ್ಕಿಂತ ತುಸು ಮೇಲೆ, ಗಾಳಿಯಾಡುವ ಕಡೆ ತೂಗುಹಾಕಿ. ಅತ್ತೆಯವರಿಗೆ 'ರೂಟರ್‌ಗೂ ಸೆಕೆ ಆಗ್ತದ್ರಿ' ಅನ್ನಿ. ಒಪ್ಪುತ್ತಾರೆ.

ಪ್ರಶ್ನೆ: ಕಂಪನಿಯವರೆಂದು ಹೇಳಿ ಒಬ್ಬರು ಫೋನ್ ಮಾಡಿದರು. ಸ್ಪೀಡ್ ಹೆಚ್ಚಿಸಲು ಒಂದು ಆ್ಯಪ್ ಹಾಕಿಕೊಂಡು ಸ್ಕ್ರೀನ್ ತೋರಿಸಿ ಅಂದರು. (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಇಟ್ಟುಬಿಡಿ. ತೋರಿಸಿಬಿಟ್ಟಿದ್ದರೆ, ದುಡ್ಡು ಹೋಗಿದ್ದರೆ, ಈ ಅಂಕಣಕ್ಕೆ ಕಾಯಬೇಡಿ. ಇಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಓಡಿ.

ಪ್ರಶ್ನೆ: ಪ್ರತಿವರ್ಷ ಕಬ್ಬಿನ ಸೀಸನ್‌ನಲ್ಲಿ ನಮ್ಮ ನೆಟ್ ಪದೇಪದೇ ಕಡಿಯುತ್ತದೆ. ರಿಪೇರಿ ಮಾಡಿ ಹೋಗುತ್ತಾರೆ. ಒಂದೆರಡು ತಿಂಗಳು ಸರಿ, ಆಮೇಲೆ ಕೆಂಪು ದೀಪ ಮಿಣಮಿಣ. (ಸಿಂದಗಿ ಹತ್ತಿರದ ಹಳ್ಳಿ)

ಉತ್ತರ: ಕಾರ್ಖಾನೆ ಚಾಲೂ ಆದ ಕೂಡಲೇ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಊರೊಳಗೆ ಬರುತ್ತವೆ. ಮೇಲೆ ಪೇರಿಸಿದ ಕಬ್ಬು ರಸ್ತೆಗೆ ಅಡ್ಡ ಜೋತ ಫೈಬರನ್ನು (ನೆಟ್ಟನ್ನು ಬೆಳಕಾಗಿ ಸಾಗಿಸುವ ಗಾಜಿನ ಎಳೆ) ಎಳೆದುಕೊಂಡೇ ಹೋಗುತ್ತದೆ. ಎಲ್ಲ ಸಲವೂ ಕಡಿಯುವುದಿಲ್ಲ. ಕಂಬದ ಹತ್ತಿರ ಬಿಗಿದು, ಗೇಣುದ್ದದಲ್ಲಿ ಮಡಚಿಕೊಂಡು ಉಳಿಯುತ್ತದೆ. ಬೆಳಕು ಆ ಮಡಿಕೆಯಲ್ಲಿ ಸೋರುತ್ತದೆ.

ಇಲ್ಲಿ ಬಹಳ ಜನ ಎಡವುವ ಸಂಗತಿಯೊಂದಿದೆ. ಬೆಳಕು ಅರ್ಧವಾದರೆ ಸ್ಪೀಡ್ ಅರ್ಧವಾಗುವುದಿಲ್ಲ. ಡಬ್ಬಿಗೆ ಬರುವ ಬೆಳಕನ್ನು ಡಿಬಿಎಂನಲ್ಲಿ, ಮೈನಸ್ ಅಂಕಿಯಲ್ಲಿ ಅಳೆಯುತ್ತಾರೆ. ಮೈನಸ್ 20 ಆರೋಗ್ಯ. ಅಲ್ಲಿಂದ ಮೂರು ಇಳಿದರೆ ಬೆಳಕು ಅರ್ಧ, ಇನ್ನು ಮೂರು ಇಳಿದರೆ ಕಾಲು, ಆದರೂ ಸ್ಪೀಡ್ ಟೆಸ್ಟ್ ಮೊದಲಿನಂತೆಯೇ ತೋರಿಸುತ್ತದೆ. ಮೈನಸ್ 27ರ ಸುತ್ತ ಬಂತೆಂದರೆ ಮಾತ್ರ ಒಮ್ಮೆಲೇ ತಪ್ಪುಗಳು ಶುರುವಾಗಿ, ಕೊನೆಗೆ ಲೈನ್ ಬೀಳುತ್ತದೆ. ಹಾಗಾಗಿ ನೆಟ್ ಬಂತು ನೋಡ್ರಿ ಅಂತ ಮೊಬೈಲ್ ತೋರಿಸಿ ಹೋಗುವ ರಿಪೇರಿಯನ್ನು ನಂಬಬೇಡಿ. ಮಷೀನಿನಿಂದ ಸರಿಯಾಗಿ ಬೆಸೆದರೆ ಒಂದು ಜೋಡಣೆಯಲ್ಲಿ ಆ ಅಂಕಿಯಿಂದ ಹೋಗುವುದು 0.1ಕ್ಕಿಂತ ಕಡಿಮೆ. ಅವಸರದಲ್ಲಿ ಟೇಪು ಸುತ್ತಿ ಕೂಡಿಸಿದರೆ ಒಂದೇ ಜೋಡಣೆ ಮೈನಸ್ 27ರವರೆಗೆ ನಿಮಗಿರುವ ಉಳಿತಾಯವನ್ನೆಲ್ಲ ತಿಂದುಹಾಕುತ್ತದೆ. ಮುಂದಿನ ಸಲ ಬಂದ ಹುಡುಗನಿಗೆ ಚಹಾ ಕೊಟ್ಟು ಕೂರಿಸಿ, ಪವರ್ ಮೀಟರ್ ಹಚ್ಚಿಸಿ, ಬಂದ ಅಂಕಿಯನ್ನು ತಾರೀಖಿನ ಸಮೇತ ಡಬ್ಬಿಯ ಹಿಂದೆ ಬರೆಸಿ. ಬಿಚ್ಚಿದ ಫೈಬರ್ ತುದಿಗೆ ನೀವಾಗಲಿ ಮಕ್ಕಳಾಗಲಿ ಕಣ್ಣಿಟ್ಟು ನೋಡಬೇಡಿ, ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಮುಂದಿನ ವರ್ಷ ಕಬ್ಬು ಶುರುವಾಗುವ ಮೊದಲು ಮತ್ತೆ ಅಳೆಸಿ. ಮೈನಸ್ 21 ಇದ್ದದ್ದು ಮೈನಸ್ 25 ಆಗಿದ್ದರೆ, ಇನ್ನೂ ನೆಟ್ ನಡೆಯುತ್ತಿರುವಾಗಲೇ ದೂರು ಬರೆಸಿ, ಕಂಬದ ಮೇಲಿನ ತಂತಿ ಎತ್ತರಿಸಿ ಕಟ್ಟಿಸಿಕೊಳ್ಳಿ.