ಎರೆ ನೆಲದಲ್ಲಿ ಮಕ್ಕಳ ಆಟದ ಬಯಲು: ಮೊದಲು ನೆರಳು, ಆಮೇಲೆ ಜಾರುಬಂಡಿ

ಗುರುಗಳೇ, ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ನಿಮ್ಮ ಶಾಲೆಯ ಹಿಂದಿರುವ ಅರ್ಧ ಎಕರೆ ಎರೆ (ಕಪ್ಪು ಜೇಡಿ) ನೆಲದಲ್ಲಿ ಮಣ್ಣು, ಕಲ್ಲು, ಗಿಡಮರಗಳಿಂದಲೇ ಮಕ್ಕಳಿಗೆ ಆಟದ ಜಾಗ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಕಬ್ಬಿಣದ ಜಾರುಬಂಡಿ, ಜೋಕಾಲಿಗಳ ಸೆಟ್ ತರಿಸಿಬಿಡಿ ಎಂದು ಇಲ್ಲಿ ಒಬ್ಬಿಬ್ಬರು ಬರೆದಿದ್ದಾರೆ. ದಾನಿಗಳ ಹಣವೆಲ್ಲ ಅದಕ್ಕೇ ಮುಗಿಯುತ್ತದೆ. ಏಪ್ರಿಲ್ ಬಂದಾಗ ಆ ತಗಡಿನ ಮೇಲೆ ಕೂರುವವರು ಯಾರು? ನಮ್ಮ ಕಡೆ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಚಿಕ್ಕ ಮಕ್ಕಳ ತೊಡೆ ಸುಟ್ಟೇ ಸುಡುತ್ತದೆ. ನನ್ನನ್ನು ಕೇಳಿದರೆ ಹಣದ ಬಹುಪಾಲನ್ನು ನೆಲದ ಕೆಲಸಕ್ಕೂ ನೆರಳಿಗೂ ಇಡಿ. ಆಟದ ಸಾಮಾನಿನಲ್ಲಿ ಅರ್ಧದಷ್ಟು ಊರಿನಲ್ಲೇ ಪುಕ್ಕಟೆ ಸಿಗುತ್ತದೆ.

ನೆಲದಿಂದ ಶುರುಮಾಡೋಣ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಅದರಲ್ಲಿ ನೇರವಾಗಿ ಕಂಬ ನೆಟ್ಟರೆ, ಬುಡಕ್ಕೆ ಎಷ್ಟೇ ಸಿಮೆಂಟು ಸುರಿದರೂ ಕೆಲವು ಮಳೆಗಾಲಗಳಲ್ಲಿ ವಾಲುತ್ತದೆ. ಕಂಬ ನಿಲ್ಲುವ ಕಡೆ ಗಟ್ಟಿ ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ಸಿಗುವವರೆಗೆ ಅಗೆಯಿರಿ. ಎರೆ ತೀರಾ ಆಳವಿದ್ದರೆ ಅಗಲವಾದ ತಗ್ಗು ತೋಡಿ, ಹೊರಗಿನಿಂದ ಗರಸು ತಂದು, ಪದರ ಪದರವಾಗಿ ನೀರು ಹೊಡೆದು ಬಡಿದು ದಮ್ಮಸು ಮಾಡಿಸಿ. ಮಕ್ಕಳು ಹತ್ತಿಳಿಯುವ ದಿಬ್ಬಕ್ಕೂ ಒಳಗೆ ಗರಸೇ ಇರಲಿ, ಮೇಲೆ ಅರ್ಧ ಅಡಿ ಮಣ್ಣು ಹಾಕಿ ಕರಿಕೆ ಹುಲ್ಲು ಹಬ್ಬಿಸಿ. ಬರೀ ಎರೆಯ ದಿಬ್ಬ ಮೊದಲ ದೊಡ್ಡ ಮಳೆಗೇ ಜಾರಿ ಕೆಸರಾಗುತ್ತದೆ. ಐದು ಅಡಿ ಎತ್ತರ ಧಾರಾಳವಾಯಿತು. ಒಂದು ಅಡಿ ಏರಿಗೆ ಮೂರು ಅಡಿ ಅಗಲದಂತೆ ಇಳಿಜಾರು ಬಿಟ್ಟರೆ ಒಂದನೇ ತರಗತಿಯ ಮಗುವೂ ಓಡಿ ಹತ್ತುತ್ತದೆ.

ಜಾರುಬಂಡಿ ಬೇಕೇ ಬೇಕು ಎನ್ನುವುದಾದರೆ ಈ ದಿಬ್ಬದ ಮೈಗೆ ಅಂಟಿಸಿ ಕೂರಿಸಿ. ಏಣಿಯೂ ಬೇಡ, ಎತ್ತರದಿಂದ ಬೀಳುವ ಭಯವೂ ಇಲ್ಲ. ಜಾರುಬಂಡಿ ಉತ್ತರಕ್ಕೆ ಮುಖ ಮಾಡಿದ್ದರೆ ಬಿಸಿಯಾಗುವುದಿಲ್ಲ ಎಂದು ಯುರೋಪಿನವರು ಹೇಳುತ್ತಾರೆ. ಅವರ ಸೂರ್ಯ ಸದಾ ದಕ್ಷಿಣಕ್ಕೆ ವಾಲಿರುತ್ತಾನೆ, ನಮ್ಮಲ್ಲಿ ಮೇ ತಿಂಗಳ ನಡುಹಗಲಿನಲ್ಲಿ ಅವನು ನೆತ್ತಿಯ ಮೇಲೆಯೇ. ಹಾಗಾಗಿ ದಿಕ್ಕನ್ನು ನಂಬಬೇಡಿ, ಮರವನ್ನು ನಂಬಿ.

ಮರ ಎಂದರೆ ಬೇವು, ಹೊಂಗೆ, ಹುಣಸೆ. ಸಾಮಾಜಿಕ ಅರಣ್ಯ ವಿಭಾಗದ ಸಸಿಕ್ಷೇತ್ರದಲ್ಲಿ ವಿಚಾರಿಸಿ, ಸಾಧ್ಯವಾದಷ್ಟು ಎತ್ತರದ ಸಸಿಗಳನ್ನೇ ಕೇಳಿ. ಬೇವಿಗೆ ಬುಡದಲ್ಲಿ ನೀರು ನಿಲ್ಲಬಾರದು, ಅದನ್ನು ಏರು ಜಾಗದಲ್ಲಿ ಹಚ್ಚಿ. ತಗ್ಗಿನ ಕಡೆ ಹೊಂಗೆ ತಡೆದುಕೊಳ್ಳುತ್ತದೆ. ಪಶ್ಚಿಮದ ಅಂಚಿನಲ್ಲಿ ಸಾಲು ಒತ್ತಾಗಿರಲಿ, ಶಾಲೆ ಬಿಟ್ಟ ಮೇಲೆ ಆಡುವ ಮಕ್ಕಳಿಗೆ ಆ ಹೊತ್ತಿನ ಬಿಸಿಲೇ ಶತ್ರು. ಗುಲ್‌ಮೊಹರ್, ನುಗ್ಗೆ ಬೇಡ, ಕೊಂಬೆ ಸುಲಭವಾಗಿ ಮುರಿಯುತ್ತದೆ. ಮುಂದೆ ಪಂಚಮಿ ಜೋಕಾಲಿ ಕಟ್ಟಲು ಹುಣಸೆಯಷ್ಟು ಗಟ್ಟಿ ಕೊಂಬೆ ಬೇರೆ ಯಾವುದಿದೆ! ಆದರೆ ಅದು ಬೆಳೆಯುವುದು ನಿಧಾನ, ಇಂದಿನ ಮಕ್ಕಳಿಗೆ ಇಂದೇ ನೆರಳು ಬೇಕು. ನಿಮ್ಮದು ದ್ರಾಕ್ಷಿಯ ಜಿಲ್ಲೆ, ಅದೇ ಅನುಕೂಲ. ತೆಗೆದುಹಾಕಿದ ದ್ರಾಕ್ಷಿ ಪಡದ (ತೋಟದ) ಕಲ್ಲುಕಂಬ, ತಂತಿ, ಒಣದ್ರಾಕ್ಷಿ ಶೆಡ್ಡಿನ ಹಳೆಯ ಶೇಡ್ ನೆಟ್ ಯಾರಾದರೊಬ್ಬ ಪಾಲಕರ ಹೊಲದ ಬದುವಿನಲ್ಲಿ ಬಿದ್ದಿರುತ್ತವೆ. ಚಪ್ಪರ ಕಟ್ಟಿ ಹೀರೆ, ಅವರೆ ಬಳ್ಳಿ ಹಬ್ಬಿಸಿ. ಬಿಸಿಯೂಟದ ನಂತರ ಕೈ ತೊಳೆದ ನೀರನ್ನು ಕಾಲುವೆ ಮಾಡಿ ಮರಗಳ ಬುಡಕ್ಕೆ ತಿರುಗಿಸಿ. ಎಲ್ಲಿಯೂ ನಿಲ್ಲದೆ ಇಂಗಿಹೋಗಲಿ, ನಿಂತ ನೀರಿನಲ್ಲಿ ಒಂದೇ ವಾರದಲ್ಲಿ ಸೊಳ್ಳೆ ಹುಟ್ಟುತ್ತವೆ.

ಈಗ ಆಟ. ಡೆನ್ಮಾರ್ಕಿನ ಸೊರೆನ್‌ಸನ್ ಎಂಬ ಉದ್ಯಾನ ವಿನ್ಯಾಸಕಾರ ತಾನು ರೂಪಿಸಿದ ಚೆಂದದ ಆಟದ ಬಯಲುಗಳನ್ನು ಬಿಟ್ಟು ಮಕ್ಕಳು ಉಳಿದೆಲ್ಲ ಕಡೆ ಆಡುವುದನ್ನು ಗಮನಿಸಿದ್ದ. 1943ರಲ್ಲಿ ಕೋಪನ್‌ಹೇಗನ್ನಿನ ಎಮ್‌ಡ್ರುಪ್‌ನಲ್ಲಿ ಹಲಗೆ, ಇಟ್ಟಿಗೆ, ಗುಜರಿ ಸಾಮಾನು ಕೊಟ್ಟು ಮಕ್ಕಳೇ ಕಟ್ಟಿ ಕೆಡವುವ ಬಯಲು ಅವನ ಯೋಚನೆಯಂತೆ ಶುರುವಾಯಿತು. ನಮಗೆ ಇದೇನು ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆ ಮಣ್ಣು ಕಲಸಿ ಎತ್ತು ಮಾಡುವ ಮಕ್ಕಳಿಗೆ ಯಾರೂ ಆಟ ಕಲಿಸಬೇಕಿಲ್ಲ. ಒಂದು ಮೂಲೆಯಲ್ಲಿ ಶೋಧಿಸಿದ ಎರೆ ಮಣ್ಣು, ನಲ್ಲಿ ಇರುವ ಒಂದು ಡ್ರಮ್ಮು, ತೆಂಗಿನ ಚಿಪ್ಪು, ನಯ ಮಾಡಿದ ಹಲಗೆ, ಬಿದಿರಿನ ತುಂಡು, ಹಳೆಯ ಬಂಡಿಯ ಗಾಲಿ ಇಡಿ. ಆ ಮೂಲೆ ಗಲೀಜಾಗಿಯೇ ಕಾಣುತ್ತದೆ, ತಪಾಸಣೆಗೆ ಬಂದವರು ಮೂಗು ಮುರಿದರೂ ಮುಚ್ಚಬೇಡಿ. ಉಳಿದ ಜಾಗವನ್ನೆಲ್ಲ ತುಂಬಲೂ ಬೇಡಿ, ಲಗೋರಿ, ಚಿಣಿಫಣಿಗೆ (ಚಿನ್ನಿದಾಂಡಿಗೆ) ಬರೀ ಬಯಲೇ ಸಾಕು.

ಜೋಕಾಲಿಯ ಕೆಳಗೆ, ಜಿಗಿಯುವ ಕಟ್ಟೆಯ ಸುತ್ತ ಒಂದು ಅಡಿ ದಪ್ಪ ಸಡಿಲ ಮರಳು ಇರಲೇಬೇಕು. ತೊಳೆದ ದುಂಡು ಕಾಳಿನ ಮರಳಾಗಲಿ, ಕಲ್ಲು ಪುಡಿಮಾಡಿ ತಯಾರಿಸಿದ, ಪುಡಿ ಕೂಡಿದ ಎಂ-ಸ್ಯಾಂಡ್ ಗಟ್ಟಿಯಾಗಿ ಕೂರುತ್ತದೆ. ಮರಳಿನ ಕೆಳಗೆ ಗರಸು ಹಾಸಿ ನೀರು ಹೊರಹೋಗಲು ದಾರಿ ಬಿಡಿ, ಇಲ್ಲದಿದ್ದರೆ ಎರೆಯ ತಗ್ಗು ಬಾವಿಯಾಗುತ್ತದೆ. ಆಗಾಗ ಕೆದಕಿ ಸಡಿಲ ಮಾಡುವ ಕೆಲಸವನ್ನು ದೊಡ್ಡ ತರಗತಿಯ ಮಕ್ಕಳಿಗೇ ವಹಿಸಿ. ರಾತ್ರಿ ನಾಯಿ, ಬೆಕ್ಕು ಹೊಲಸು ಮಾಡದಂತೆ ಬಲೆ ಹೊದಿಸಿ.

ಕುಣಿದು ದಾಟಲು ಇಡುವ ಗುಂಡುಕಲ್ಲುಗಳನ್ನು ಮೂರರಲ್ಲಿ ಒಂದು ಪಾಲು ಹೂತು, ಸಂದುಗಳನ್ನು ಗರಸಿನಿಂದ ತುಂಬಿ. ಕಲ್ಲು ರಾಶಿ ಹಾಕಿದರೆ ಚೇಳು, ಹಾವು ಮನೆ ಮಾಡುತ್ತವೆ. ಕೂರುವ ದಿಮ್ಮಿಗಳಿಗೆ ಜಾಲಿಯ ಕಟ್ಟಿಗೆ ಗಟ್ಟಿ, ಆದರೂ ನೆಲಕ್ಕೆ ತಾಗದಂತೆ ಚಪ್ಪಡಿಯ ಮೇಲೆ ಇಡಿ, ಗೆದ್ದಲು ಬಿಡುವುದಿಲ್ಲ. ಬೇಲಿಗೆ ಕಣಗಿಲು, ಕಳ್ಳಿ, ಕಾಡು ಹರಳು ಹಚ್ಚಬೇಡಿ, ಈಗಾಗಲೇ ಇದ್ದರೆ ಬುಡಸಮೇತ ತೆಗೆಸಿ. ಕಾಡು ಹರಳಿನ ಬೀಜವನ್ನು ತಿನ್ನುವ ಕಾಳೆಂದು ಬಾಯಿಗೆ ಹಾಕಿಕೊಂಡು ಮಕ್ಕಳು ಆಸ್ಪತ್ರೆ ಸೇರುತ್ತಾರೆ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅದರ ಕಥೆಯೇ ಬೇರೆ.

ಮಣ್ಣಿನ ಕೆಲಸವೆಲ್ಲ ಮೇ ತಿಂಗಳೊಳಗೆ ಮುಗಿಯಲಿ. ಮಳೆ ಹಿಡಿದ ಮೇಲೆ ಎರೆಗೆ ಟ್ರ್ಯಾಕ್ಟರ್ ಇಳಿಸಿದರೆ ಹೂತುಕೊಳ್ಳುತ್ತದೆ. ಮೃಗಶಿರಾ ಮಳೆ ಬಿದ್ದ ಕೂಡಲೇ ಸಸಿ ಹಚ್ಚಿ. ಅದಕ್ಕೂ ಮೊದಲು ಎರಡು ಸಂಗತಿ ತಿಳಿಸಿ: ಮಳೆ ಬಂದಾಗ ಆ ಜಾಗದಲ್ಲಿ ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಎರೆ ಎಷ್ಟು ಅಡಿ ಆಳವಿದೆ. ಮೂರ್ನಾಲ್ಕು ಫೋಟೊ ಹಾಕಿದರೆ ದಿಬ್ಬ ಎಲ್ಲಿ, ಮರಳಿನ ತಗ್ಗು ಎಲ್ಲಿ ಎಂದು ಕೈನಕ್ಷೆ ಬರೆದು ಇಲ್ಲೇ ಹಾಕುತ್ತೇನೆ.